ನಾಲ್ಕು ನೂಲಿನ ಸಂದಿ

ಯಾರ ಮನೆಗೆ ಹೋದರೂ ಅವಳು ಮೊದಲು ವಿಚಾರಿಸಿಕೊಳ್ಳುವುದು ಬಾಗಿಲನ್ನು. ತೆರೆಯುತ್ತಾಳೆ, ಮುಚ್ಚುತ್ತಾಳೆ, ಇನ್ನೊಮ್ಮೆ ತೆರೆದು ಬಿಜಾಗರಿಯ ಹತ್ತಿರ ಕಿವಿ ಇಡುತ್ತಾಳೆ. "ಬನ್ನಿ, ಕೂತ್ಕೊಳ್ಳಿ" ಎಂದು ಮನೆಯೊಡತಿ ಎರಡು ಸಲ ಕರೆದು, ಮೂರನೇ ಸಲ ಕರೆಯಲೋ ಬೇಡವೋ ಎಂದು ನಿಂತಿರುವಾಗ ಇವಳು ಚೌಕಟ್ಟನ್ನು ಬೆರಳ ಗೆಣ್ಣಿನಿಂದ ಕುಟ್ಟುತ್ತಿರುತ್ತಾಳೆ. ಒಮ್ಮೆ ಸಾವಿನ ಮನೆಗೆ ಸಮಾಧಾನ ಹೇಳಲು ಹೋದಾಗಲೂ ಹೀಗೇ ಮಾಡಿದ್ದಳು. ಆ ಮನೆಯವರು ಅಳುವುದನ್ನು ಬಿಟ್ಟು ಇವಳನ್ನೇ ನೋಡಿದರಂತೆ. "ಕೆಳಗಿನ ಬಿಜಾಗರಿ ಸಡಿಲ ಆಗಿದೆ" ಎಂದು ಹೇಳಿ ಮುಗಿಸಿದ ಮೇಲೆಯೇ ಅವಳ ಕಣ್ಣಲ್ಲೂ ನೀರು ಬಂದದ್ದು.

ಊರಿಗೆಲ್ಲ ಅವಳು ಸಂದಿ. ಚಿಕ್ಕವರಿಗೆ ಸಂದಿಯಕ್ಕ. ಹೆತ್ತವರು ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಎಲ್ಲೋ ಇರಬೇಕು, ಅಲ್ಲೇ ಇರಲಿ. ವಯಸ್ಸು ನಲವತ್ತೆಂಟು. ಪೇಟೆಬೀದಿಯ ಕೊನೆಯಲ್ಲಿ ಅವಳದೊಂದು ಮರಗೆಲಸದ ಅಂಗಡಿಯಿದೆ, ಬಾಗಿಲು ಕಿಟಕಿಯದೇ ಕೆಲಸ. ಅಂಗಡಿಯ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ "ಸಂದಿ ಬಾಗಿಲುಗಳು" ಎಂದು ಬರೆಸಿದಾಗ ಅವಳ ಗಂಡ ತಲೆ ಚಚ್ಚಿಕೊಂಡಿದ್ದ. ಅವನು ಬಸ್ಸಿನ ಕಂಡಕ್ಟರು, ದಿನಕ್ಕೆ ಸಾವಿರ ಜನರ ಬಾಯಿ ಕೇಳಿ ಪಳಗಿದವನು, ಸುಲಭಕ್ಕೆ ಬೆಚ್ಚುವ ಜಾತಿಯಲ್ಲ. ಅವನೇ ಅಂದ: "ಬಾಗಿಲಂಗಡಿಗೆ ಸಂದಿ ಅಂತ ಹೆಸರಿಡೋದೂ ಒಂದೇ, ಹೋಟೆಲಿಗೆ ಹಳಸಲು ಅಂತ ಇಡೋದೂ ಒಂದೇ ಕಣೇ. ಯಾರು ಬರ್ತಾರೆ?"

"ಬರ್ತಾರೆ. ಬಂದು ಸಂದಿ ಹುಡುಕ್ತಾರೆ. ಸಿಗಲ್ಲ. ಆಮೇಲೆ ಮುಖ ಹೇಗಿರುತ್ತೆ ನೋಡಿ" ಎಂದಿದ್ದಳು ಅವಳು.

ಅಷ್ಟು ಹಟ. ಈ ಹೆಸರು ಹೇಗೆ ಬಂತು ಅನ್ನುವುದನ್ನು ಊರು ಇವತ್ತಿಗೂ ಉಪ್ಪುಖಾರ ಹಚ್ಚಿ ಹೇಳುತ್ತದೆ. ನಡೆದಷ್ಟನ್ನು ಹೇಳಿದರೂ ಸಾಕಷ್ಟು ಖಾರವಾಗಿಯೇ ಇದೆ.

ಅವಳಿಗಾಗ ಇಪ್ಪತ್ತೆರಡು. ತಗಡಿನ ಮಾಡಿನ ಉದ್ದನೆಯ ಮರಗೆಲಸದ ಕಾರ್ಖಾನೆಯಲ್ಲಿ ಕೆಲಸ. ಯಜಮಾನರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಕುಳ್ಳಗಿನ ಆಳು, ಕಿವಿಯ ಮೇಲೆ ಸದಾ ಪೆನ್ಸಿಲು, ಬಾಯಲ್ಲಿ ಮಾತು ಕಡಿಮೆ. ಮೂರು ವರ್ಷ ಉಪ್ಪುಕಾಗದ ತಿಕ್ಕಿ ಅವಳ ಬೆರಳ ತುದಿಯ ಗೆರೆಗಳೆಲ್ಲ ಸವೆದ ಮೇಲೆ ಮೇಸ್ತ್ರಿ ಒಂದು ದಿನ ಏನೂ ಹೇಳದೆ ಅವಳ ಮುಂದೆ ಒಂದು ಹತ್ತರಿ ಇಟ್ಟರು. ಮರವನ್ನು ಹೆರೆದು ಮಟ್ಟ ಮಾಡುವ ಹತ್ತರಿ ಕಾರ್ಖಾನೆಯಲ್ಲಿ ಎಂಟು ಹತ್ತು ಇದ್ದವು, ಆದರೆ ಇದು ಮೇಸ್ತ್ರಿಯ ಸ್ವಂತದ್ದು. ಕಪ್ಪು ಮರದ ಹಿಡಿ, ಅಂಗೈಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ಅವತ್ತು ಅವಳು ಮನೆಗೆ ಹೋಗುವಾಗ ಕಾಲು ನೆಲದ ಮೇಲಿರಲಿಲ್ಲ.

ಅದಾಗಿ ಎರಡೇ ತಿಂಗಳಿಗೆ, ಮಳೆಗಾಲದ ನಡುವೆ, ಪೇಟೆಯ ಡಾಕ್ಟರ ಕ್ಲಿನಿಕ್ಕಿನಿಂದ ಕರೆ ಬಂತು. ರೋಗಿಗಳನ್ನು ಪರೀಕ್ಷೆ ಮಾಡುವ ಕೋಣೆಯ ಬಾಗಿಲು ಬಿಗಿಯಾಗಿ ಕೂತುಬಿಟ್ಟಿದೆ, ತೆರೆಯಲು ಇಬ್ಬರು ಬೇಕು. ಮೇಸ್ತ್ರಿ ಏನೋ ಅಳತೆ ಹಾಕುತ್ತಿದ್ದವರು ತಲೆ ಎತ್ತದೆ, "ಹೋಗಿ ಸರಿ ಮಾಡಿ ಬಾ" ಎಂದರು. ಒಬ್ಬಳೇ ಮಾಡುವ ಮೊದಲ ಕೆಲಸ. ಅವಳು ಬಾಗಿಲನ್ನು ಇಳಿಸಿ, ಚಿಲಕದ ಕಡೆಯ ಅಂಚನ್ನು ಹೆರೆದಳು. ಕೈಗೆ ಹುರುಪು ಬಂದಿತ್ತು. ಸಾಕು ಅನ್ನಿಸಿದ ಮೇಲೂ, ಇನ್ನೆಂದೂ ಇದು ಹಿಡಿಯಬಾರದು ಎಂದು ಎರಡು ಸಲ ಜಾಸ್ತಿಯೇ ಎಳೆದಳು. ಬಾಗಿಲು ಬೆಣ್ಣೆಯ ಹಾಗೆ ತಿರುಗಿತು. ಡಾಕ್ಟರು ಬೆನ್ನು ತಟ್ಟಿದರು, ಕಂಪೌಂಡರು ಚಹಾ ತರಿಸಿಕೊಟ್ಟ.

ಮರ ಮಳೆಗಾಲದಲ್ಲಿ ತೇವ ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಉಬ್ಬಿದಾಗ ಹೆರೆದರೆ ಕುಗ್ಗಿದಾಗ ಏನು ಗತಿ? ಇಷ್ಟು ಅವಳಿಗೆ ಹೊಳೆಯಲಿಲ್ಲ, ಯಾರೂ ಹೇಳಿರಲೂ ಇಲ್ಲ. ಬೇಸಿಗೆ ಬಂತು. ಬಾಗಿಲು ಮುಚ್ಚಿದರೂ ಚೌಕಟ್ಟಿಗೂ ಅದಕ್ಕೂ ನಡುವೆ ನಾಲ್ಕು ನೂಲು ಸಂದಿ ಬಿತ್ತು. ಬಡಗಿಗಳ ಅಳತೆಯಲ್ಲಿ ಇಂಚಿಗೆ ಎಂಟು ನೂಲು, ಅಂದರೆ ಸರಿಯಾಗಿ ಅರ್ಧ ಇಂಚು, ಕಿರುಬೆರಳು ತೂರುವಷ್ಟು. ಹೊರಗೆ ಬೆಂಚಿನ ಮೇಲೆ ಕೂತ ರೋಗಿಗಳು ಒಳಗಿನ ರೋಗಿಗಳ ಬೆನ್ನು ಹೊಟ್ಟೆ ಎಲ್ಲ ಪುಕ್ಕಟೆ ನೋಡತೊಡಗಿದರು. ಒಬ್ಬ ಶಾಲೆ ಮೇಷ್ಟ್ರು ಷರ್ಟು ಬಿಚ್ಚಿ ಮಲಗಿದ್ದನ್ನು ಅವರ ವಿದ್ಯಾರ್ಥಿಗಳೇ ನೋಡಿ ನಕ್ಕರಂತೆ. ಆ ಮೇಷ್ಟ್ರು ಡಾಕ್ಟರ ಮೇಲೆ ಹಾರಿಬಿದ್ದರು, ಡಾಕ್ಟರು ಕಾರ್ಖಾನೆಗೆ ಬಂದು ಮೇಸ್ತ್ರಿಯ ಮೇಲೆ ಹಾರಿಬಿದ್ದರು.

"ಇದನ್ನ ಬಾಗಿಲು ಅಂತಾರೇನ್ರೀ? ಇದಕ್ಕಿಂತ ಪರದೆ ಕಟ್ಟಿಕೊಂಡಿದ್ರೆ ಮರ್ಯಾದೆ ಉಳೀತಿತ್ತು!"

ಹನ್ನೆರಡು ಜನ ಕೆಲಸದವರು ಗರಗಸ ನಿಲ್ಲಿಸಿ ನೋಡುತ್ತಿದ್ದರು. ಮೇಸ್ತ್ರಿ ಡಾಕ್ಟರಿಗೆ ಒಂದು ಮಾತೂ ಎದುರಾಡಲಿಲ್ಲ. ಅವರು ಹೋದ ಮೇಲೆ ಅವಳ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಅಂದರು: "ಮರ ತೆಗೆಯೋದು ಯಾರಿಗಾದ್ರೂ ಬರುತ್ತೆ. ತೆಗೆದದ್ದನ್ನ ವಾಪಸ್ ಹಾಕೋದು ಯಾರ ಕೈಲೂ ಆಗಲ್ಲ. ನಿನಗೆ ಹತ್ತರಿ ಕೊಟ್ಟಿದ್ದೇ ತಪ್ಪು." ಅವಳ ಕೈಯಿಂದ ಆ ಕಪ್ಪು ಹಿಡಿಯ ಹತ್ತರಿ ತೆಗೆದುಕೊಂಡು, ಸ್ಟೂಲು ಹತ್ತಿ, ಗೋಡೆಯ ಮೇಲೆ ಎತ್ತರದಲ್ಲಿ ಒಂದು ಮೊಳೆ ಹೊಡೆದು ನೇತುಹಾಕಿದರು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ನೆಲ ನುಂಗಲಿಲ್ಲ. ಅಂಟು ಕಾಯಿಸುವವನೊಬ್ಬ ಮೂಲೆಯಿಂದ "ಏನಮ್ಮಾ ಸಂದೀ" ಎಂದ. ಎಲ್ಲರೂ ನಕ್ಕರು. ಹೆಸರು ಅಂಟಿಕೊಂಡಿತು.

ಬೇರೆಯವರಾಗಿದ್ದರೆ ಕೆಲಸ ಬಿಟ್ಟು ಹೋಗುತ್ತಿದ್ದರು. ಇವಳು ಮೂರು ದಿನ ಅತ್ತು, ನಾಲ್ಕನೇ ದಿನ ಕ್ಲಿನಿಕ್ಕಿಗೆ ಹೋಗಿ, ಡಾಕ್ಟರು ಚೌಕಟ್ಟು ಸಮೇತ ಕಿತ್ತು ಹಿತ್ತಲಲ್ಲಿ ಒರಗಿಸಿದ್ದ ಆ ಬಾಗಿಲನ್ನು ಬೇಡಿ ತಂದಳು. ತಳ್ಳುಗಾಡಿಯ ಮೇಲೆ ಬಾಗಿಲು ಹೇರಿಕೊಂಡು ಪೇಟೆಯ ನಡುವೆ ಬರುವಾಗ ಜನ ನೋಡಿ ನಗುತ್ತಿದ್ದರು. ನಗಲಿ ಎಂದು ಬೇಕೆಂದೇ ನಡುಬೀದಿಯಲ್ಲೇ ತಳ್ಳಿದಳು. ತಂದು ತನ್ನ ಕೋಣೆಗೆ ಅದನ್ನೇ ಕೂರಿಸಿದಳು. ಪ್ರತಿ ತಿಂಗಳು ಒಂದನೇ ತಾರೀಖು ಬೆಳಿಗ್ಗೆ ಸಂದಿಯನ್ನು ಅಳೆದು, ಬಾಗಿಲ ಹಿಂಬದಿಯಲ್ಲಿ ಪೆನ್ಸಿಲಿನಿಂದ ತಾರೀಖು ಹಾಕಿ, ಇಷ್ಟು ನೂಲು ಎಂದು ಬರೆದಿಟ್ಟಳು. ಬೇಸಿಗೆಯಲ್ಲಿ ನಾಲ್ಕು. ಮೊದಲ ಮಳೆಗೆ ಮೂರು. ಮಳೆಗಾಲ ಬಲಿತಾಗ ಒಂದು. ಮತ್ತೆ ಎರಡು, ಮೂರು, ನಾಲ್ಕು. ಅವಳ ತಾಯಿ ತಲೆ ಮೇಲೆ ಕೈಹೊತ್ತು ಕೂತರು, "ಎಲ್ಲರ ಮಕ್ಕಳು ಗೋಡೆ ಮೇಲೆ ಎತ್ತರ ಗುರುತು ಮಾಡ್ಕೊಂಡರೆ ನೀನು ಅವಮಾನದ ಗುರುತು ಮಾಡ್ಕೊಳ್ತೀಯಲ್ಲೇ" ಎಂದು.

ಮದುವೆಯಾದಾಗ ಗಂಡನ ಮನೆಗೆ ಅವಳ ಜೊತೆ ಬಂದದ್ದು ಒಂದು ಟ್ರಂಕು ಮತ್ತು ಆ ಬಾಗಿಲು. ಪಾಪ ಕಂಡಕ್ಟರು! ಹೊಸ ಮದುಮಗ, ಪಕ್ಕದ ಕೋಣೆಯಲ್ಲಿ ತಾಯಿ, ಮಲಗುವ ಕೋಣೆಯ ಬಾಗಿಲಿಗೆ ಕಿರುಬೆರಳಿನಷ್ಟು ಸಂದಿ. ಸರಿ ಮಾಡು ಎಂದು ಹೇಳಿದ, ಬೇಡಿದ, ಕೊನೆಗೆ ಸೋತು ಬಾಗಿಲ ಮೇಲೆ ಒಂದು ಮೊಳೆ ಹೊಡೆದು ತನ್ನ ಟವೆಲನ್ನು ಸಂದಿಗೆ ಅಡ್ಡಲಾಗಿ ಇಳಿಬಿಟ್ಟ. ಇಪ್ಪತ್ತು ವರ್ಷಕ್ಕೂ ಮೇಲೆ ಆ ಮನೆಯಲ್ಲಿ ಟವೆಲು ಒಣಗುವ ಜಾಗ ಅದೇ.

ಆದರೆ ಆ ಬಾಗಿಲ ಹಿಂಬದಿಯಲ್ಲಿ ಏನಿತ್ತೋ ಅದು ಊರಿನ ಯಾವ ಬಡಗಿಯ ತಲೆಯಲ್ಲೂ ಇರಲಿಲ್ಲ. ಯಾವ ತಿಂಗಳಲ್ಲಿ ಎಷ್ಟು ಬಿಡಬೇಕು, ಯಾವ ತಿಂಗಳಲ್ಲಿ ಹತ್ತರಿಯನ್ನೇ ಮುಟ್ಟಬಾರದು ಎಲ್ಲ ಅವಳಿಗೆ ಬಾಯಿಪಾಠವಾಯಿತು. ಅವಳು ಕೂರಿಸಿದ ಬಾಗಿಲು ಮಳೆಗೆ ಹಿಡಿಯಲಿಲ್ಲ, ಬಿಸಿಲಿಗೆ ಬಾಯಿಬಿಡಲಿಲ್ಲ. ಅಷ್ಟಕ್ಕೇ ಸುಮ್ಮನಾಗುವ ಹೆಂಗಸಲ್ಲ. ತೆಗೆದದ್ದನ್ನು ಹಾಕಲು ಆಗುವುದಿಲ್ಲ ಎಂದಿದ್ದರಲ್ಲ ಮೇಸ್ತ್ರಿ, ಅದು ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಅದಕ್ಕೆ ಸವೆದ ಅಂಚಿಗೆ ತೆಳ್ಳನೆಯ ಪಟ್ಟಿ ಕೂರಿಸುವುದನ್ನು ಕಲಿಯಲು ಹಿಡಿದಳು. ಅದೇ ಜಾತಿಯ, ಅಷ್ಟೇ ಹಳೆಯ ಮರ ಬೇಕು. ಎಳೆಗೆ ಎಳೆ ಕೂಡಬೇಕು. ಬಣ್ಣ ಹೊಂದಬೇಕು. ಮೊದಮೊದಲು ಕೂಡಿಸಿದ ಜಾಗ ಗಾಯದ ಗುರುತಿನ ಹಾಗೆ ಎದ್ದು ಕಾಣುತ್ತಿತ್ತು. ಕಾಣದಂತೆ ಕೂರಿಸಲು ಹನ್ನೊಂದು ವರ್ಷ ಹಿಡಿಯಿತು.

ಅಷ್ಟರಲ್ಲಿ ಕಾರ್ಖಾನೆ ಬಿಟ್ಟು ಸ್ವಂತ ಅಂಗಡಿ ಹಾಕಿದ್ದಳು. ಅಲ್ಲೂ ಗೋಡೆಗೊಂದು ಕಪ್ಪು ಹಲಗೆ. ಗಿರಾಕಿಗಳು ಬೈದದ್ದನ್ನು ಬೈದ ಮಾತಿನಲ್ಲೇ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು: "ಚಿಲಕ ಹಾಕಲು ಪೈಲ್ವಾನ ಬೇಕು." "ಕಿಟಕಿ ಮುಚ್ಚಿದರೆ ಗೂಬೆ ಕೂಗುತ್ತದೆ." "ಹೆಂಗಸಿನ ಕೈಯ ಬಾಗಿಲು, ಎಷ್ಟು ದಿನ ಬಂದೀತು!" ಆ ದೂರು ತೀರುವ ತನಕ ಒರೆಸುವಂತಿಲ್ಲ. ಕೊನೆಯ ಮಾತನ್ನು ಮಾತ್ರ ಹತ್ತು ವರ್ಷ ಒರೆಸಲಿಲ್ಲ, ಬಾಗಿಲು ಹತ್ತು ವರ್ಷ ಬಾಳಿದ ಮೇಲೆ ಆ ಮನುಷ್ಯನನ್ನು ಕರೆಸಿ ಅವನ ಕೈಯಲ್ಲೇ ಒರೆಸಿದಳು. ಹೊಗಳಿದವರೂ ಬೇಕಾದಷ್ಟು ಜನ ಇದ್ದರು. ಹೊಗಳಿಕೆಯನ್ನು ಎಲ್ಲೂ ಬರೆಯುತ್ತಿರಲಿಲ್ಲ. ಯಾರಾದರೂ ಚೆನ್ನಾಗಿದೆ ಎಂದರೆ, ಇವರಿಗೆ ಕಣ್ಣು ಕಾಣುವುದಿಲ್ಲವೇನೋ ಎಂಬಂತೆ ನೋಡಿ, ಎದ್ದು ಇನ್ನೊಂದು ಕೆಲಸಕ್ಕೆ ಹೋಗಿಬಿಡುವಳು. ಊಟಕ್ಕೆ ಕೂತರೂ ನಡುವೆ ಎರಡು ಸಲ ಏಳುವಳು. ಬಾಲ ಸುಟ್ಟ ಬೆಕ್ಕು ಎಂದು ಅತ್ತೆ ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ.

"ನಿನಗೆ ಏನು ಬೇಕು ಹೇಳು, ತಂದುಕೊಡ್ತೀನಿ. ಒಂದು ಕಡೆ ಕೂತ್ಕೋ" ಎಂದು ಒಮ್ಮೆ ಗಂಡ ಕೈಮುಗಿದ.

ಅವನು ತಂದುಕೊಡಲಾಗದ ಒಂದೇ ವಸ್ತು ಅವಳಿಗೆ ಬೇಕಾಗಿತ್ತು. ಅಂಗಡಿಯಲ್ಲಿ ಹತ್ತರಿಗಳು ಹದಿನಾಲ್ಕು ಇದ್ದವು, ಕರೆಂಟಿನದು ಬೇರೆ. ಆದರೂ ಆ ಮೊಳೆಯ ಮೇಲಿನ ಕಪ್ಪು ಹಿಡಿಯ ಹತ್ತರಿ ಮೇಸ್ತ್ರಿಯ ಕೈಯಿಂದಲೇ ಇಳಿದು ತನ್ನ ಕೈಗೆ ಬರಬೇಕು, ಅದನ್ನು ಆ ಹನ್ನೆರಡು ಜನ ನೋಡಬೇಕು. ಹನ್ನೆರಡು ಜನರಲ್ಲಿ ಐವರು ತೀರಿಕೊಂಡರು, ಉಳಿದವರು ಚದುರಿಹೋದರು, ಕಾರ್ಖಾನೆ ಮುಚ್ಚಿತು. ಮೇಸ್ತ್ರಿಗೆ ಎಂಬತ್ತು ದಾಟಿ, ಮಂಡಿ ಸೋತು, ಮಗ ಸೊಸೆಯ ಜೊತೆ ಮನೆಯಲ್ಲೇ ಇದ್ದರು. ಇವಳ ಅಂಗಡಿ ತೆರೆದಾಗ ಅವರು ಬಂದಿರಲಿಲ್ಲ. ಇವಳೂ ಅವರ ಬೀದಿಗೆ ಕಾಲಿಟ್ಟಿರಲಿಲ್ಲ. ಇಪ್ಪತ್ತಾರು ವರ್ಷದ ಉರಿ ಹಾಗೇ ಇತ್ತು.

ಹೋದ ಮಳೆಗಾಲದ ಒಂದು ಬೆಳಿಗ್ಗೆ ಮೇಸ್ತ್ರಿಯ ಸೊಸೆ ಕೊಡೆ ಮಡಚುತ್ತಾ ಅಂಗಡಿಗೆ ಬಂದಳು. "ಅಕ್ಕಾ, ಮಾವ ಕರೀತಿದ್ದಾರೆ. ಬಾಗಿಲು ಹಿಡೀತಿದೆ, ಹೆರೆಯೋಕೆ ನೀವೇ ಬರಬೇಕಂತೆ."

ಸಂದಿಯ ಕೈಯಲ್ಲಿದ್ದ ಉಳಿ ಕೆಳಗೆ ಬಿತ್ತು. ಮಳೆಗಾಲ. ಹಿಡಿಯುವ ಬಾಗಿಲು. ಹೆರೆಯಬೇಕು. ಓಹೋ, ಮುದುಕ ಪರೀಕ್ಷೆ ಇಟ್ಟಿದ್ದಾನೆ! ಅದೇ ಪ್ರಶ್ನೆ, ಅದೇ ತಿಂಗಳು. ಕಲಿತಿದ್ದಾಳೋ ಇಲ್ಲವೋ ನೋಡೋಣ ಅಂತ. "ಇವತ್ತೇ ಬರ್ತೀನಿ" ಎಂದಳು. ಮನೆಗೆ ಓಡಿ, ಬಾಗಿಲ ಹಿಂದಿನ ಅಂಕಿಗಳನ್ನೆಲ್ಲ ಇನ್ನೊಮ್ಮೆ ಓದಿಕೊಂಡಳು. ಹಗಲು ಪಾಳಿಗೆ ಹೊರಡುತ್ತಿದ್ದ ಗಂಡ ಟವೆಲು ಸರಿಸಿ ನೋಡಿ, "ಬಾಗಿಲು ನೋಡ್ಕೊಂಡು ಬಾ. ಯುದ್ಧಕ್ಕೆ ಹೋಗಬೇಡ" ಎಂದ. ಅವಳಿಗೆ ಕೇಳಿಸಿದ್ದರೆ ತಾನೆ!

ಮೇಸ್ತ್ರಿಯ ಮನೆ ಚಿಕ್ಕದು. ನಡುಮನೆ, ಅದರಾಚೆ ಕಿರಿದಾದ ಓಣಿಯಂಥ ಜಾಗ, ಅದರ ಕೊನೆಗೆ ಬಚ್ಚಲು. ಹಿಡಿಯುತ್ತಿದ್ದ ಬಾಗಿಲು ಬಚ್ಚಲಿನದು, ಮೂವತ್ತೈದು ವರ್ಷದ ಹಿಂದೆ ಮೇಸ್ತ್ರಿಯೇ ತಮ್ಮ ಕೈಯಾರೆ ಮಾಡಿದ್ದು. ಅವಳು ಒಳಗೆ ಬಂದವಳೇ ಬಾಗಿಲ ಕಡೆ ನೋಡದೆ ಗೋಡೆಯ ಕಡೆ ನೋಡಿದಳು. ಇತ್ತು. ಕಾರ್ಖಾನೆ ಮುಚ್ಚುವಾಗ ಮೊಳೆ ಸಮೇತ ತಂದಿದ್ದರೋ ಏನೋ, ಓಣಿಯ ಗೋಡೆಯ ಮೇಲೆ ಅದೇ ಎತ್ತರದಲ್ಲಿ ಕಪ್ಪು ಹಿಡಿಯ ಹತ್ತರಿ ತೂಗುತ್ತಿತ್ತು. ಮೇಸ್ತ್ರಿ ಅದರ ಕೆಳಗೆ ಕುರ್ಚಿಯಲ್ಲಿ ಕೂತಿದ್ದರು, ಎರಡೂ ಕೈ ಊರುಗೋಲಿನ ಮೇಲೆ. ಇನ್ನಷ್ಟು ಕುಳ್ಳಗಾಗಿದ್ದರು. ಕಿವಿಯ ಮೇಲೆ ಪೆನ್ಸಿಲು ಮಾತ್ರ ಹಾಗೇ ಇತ್ತು.

ಸೊಸೆ ತಗ್ಗಿದ ದನಿಯಲ್ಲಿ ಹೇಳುತ್ತಲೇ ಇದ್ದಳು. "ಹೋದ ಬುಧವಾರ ಮಾವ ಒಳಗೇ ಸಿಕ್ಕಿಹಾಕಿಕೊಂಡಿದ್ದರು ಅಕ್ಕಾ. ಮುಕ್ಕಾಲು ಗಂಟೆ. ಎದುರು ಮನೆಯವರು ಬಂದು ಒದ್ದು ತೆಗೀಬೇಕಾಯ್ತು. ಅವತ್ತಿಂದ ಬಾಗಿಲು ಮುಚ್ಚೋಕೇ ಹೆದರ್ತಾರೆ. ತೆರೆದಿಟ್ಟುಕೊಂಡು ಹೋಗೋಕೆ ನಾಚಿಕೆ. ನಾನು ಅಡುಗೆಮನೆಗೆ ಹೋಗಿ ರೇಡಿಯೋ ಜೋರಾಗಿ ಹಾಕಬೇಕು. ಇಲ್ಲಾಂದ್ರೆ ಹೋಗೋದೇ ಇಲ್ಲ, ತಡೆದುಕೊಂಡು ಕೂತಿರ್ತಾರೆ." ಸಂದಿ ಆಗ ಬಿಜಾಗರಿಗೆ ಕಿವಿ ಇಟ್ಟಿದ್ದಳು. ಇದರಲ್ಲಿ ಒಂದು ಮಾತೂ ಅವಳ ಒಳಗೆ ಇಳಿಯಲಿಲ್ಲ.

"ಬಂದ್ಯಾ. ಹೆರಿ" ಎಂದರು ಮೇಸ್ತ್ರಿ.

ಅವಳು ನೆಟ್ಟಗೆ ನಿಂತಳು. ಇಪ್ಪತ್ತಾರು ವರ್ಷ ಮನಸ್ಸಿನಲ್ಲಿ ಎಷ್ಟು ಸಲ ಒಪ್ಪಿಸಿದ್ದ ಪಾಠ! "ಇಲ್ಲ ಮೇಸ್ತ್ರಿ. ಈಗ ಹೆರೆಯೋ ಹಾಗಿಲ್ಲ. ಇದು ಈಗ ಮೂರು ನೂಲು ಉಬ್ಬಿದೆ. ಈಗ ತೆಗೆದರೆ ಬೇಸಿಗೆ ಬಲಿಯುವ ಹೊತ್ತಿಗೆ ನಾಲ್ಕು ನೂಲು ಸಂದಿ ಬೀಳುತ್ತೆ. ಇನ್ನು ಎರಡು ತಿಂಗಳಿಗೆ ಅರ್ಧ ನೂಲು ಇಳಿಯುತ್ತೆ, ಅದಾದ ಮೇಲೆ ತಿಂಗಳಿಗೆ ಒಂದೊಂದು. ಬಾಗಿಲಿಗೆ ಕಾಲ ಕೊಡಬೇಕು. ನನಗೆ ಈಗ ಗೊತ್ತು. ಯಾವ ಪುಸ್ತಕದಲ್ಲೂ ಇಲ್ಲದಷ್ಟು ಗೊತ್ತು." ದನಿ ಏರುತ್ತಿತ್ತು, ನಿಲ್ಲಿಸಲು ಆಗಲಿಲ್ಲ. "ಆ ಡಾಕ್ಟರ ಬಾಗಿಲನ್ನ ಇಪ್ಪತ್ತಾರು ವರ್ಷ ಅಳೆದಿದ್ದೀನಿ ಮೇಸ್ತ್ರಿ, ಒಂದು ತಿಂಗಳೂ ತಪ್ಪಿಸಿಲ್ಲ. ಕೇಳಿ, ಯಾವ ತಿಂಗಳದ್ದು ಬೇಕಾದ್ರೂ ಕೇಳಿ!"

ಮೇಸ್ತ್ರಿ ಅವಳನ್ನೇ ನೋಡಿದರು. ಅವರ ಮುಖದಲ್ಲಿ ಅವಳು ಕಾದಿದ್ದ ಯಾವುದೂ ಬರಲಿಲ್ಲ. ಊರುಗೋಲಿನ ಮೇಲಿನ ಬೆರಳುಗಳು ಬಿಗಿಯಾಗಿದ್ದವು, ಮಂಡಿಗಳು ಒಂದಕ್ಕೊಂದು ಒತ್ತಿಕೊಂಡಿದ್ದವು.

"ಪರೀಕ್ಷೆ ಅಂದ್ಕೊಂಡ್ಯಾ?" ಎಂದರು ಮೆಲ್ಲಗೆ. "ನಾನು ಬಚ್ಚಲಿಗೆ ಹೋಗಬೇಕಮ್ಮಾ. ಬೆಳಿಗ್ಗೆಯಿಂದ ಕೂತಿದ್ದೀನಿ."

ಸಂದಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಅವತ್ತು ಹನ್ನೆರಡು ಜನರ ಎದುರು ಆದದ್ದು ಇದರ ಮುಂದೆ ಏನೂ ಅಲ್ಲ. ಸೊಸೆ ಹೇಳಿದ್ದೆಲ್ಲ ಈಗ ಒಂದೊಂದಾಗಿ ಕಿವಿಯೊಳಗೆ ಇಳಿಯಿತು: ಮುಕ್ಕಾಲು ಗಂಟೆ, ಎದುರು ಮನೆಯವರು, ರೇಡಿಯೋ. ಮನುಷ್ಯ ಎದುರಿಗೆ ತಡೆದುಕೊಂಡು ಕೂತಿದ್ದಾನೆ, ತಾನು ನೂಲಿನ ಲೆಕ್ಕ ಒಪ್ಪಿಸುತ್ತಿದ್ದೇನೆ. ಥೂ ನನ್ನ ಜನ್ಮಕ್ಕೆ ಎಂದುಕೊಂಡಳು.

"ನಾಲ್ಕು ನೂಲು ಬೀಳುತ್ತೆ ಮೇಸ್ತ್ರಿ" ಎಂದಳು ಆದರೂ.

"ಬೀಳಲಿ. ಬೇಸಿಗೆದು ಬೇಸಿಗೆಗೆ. ಅದನ್ನ ಇಳಿಸಿಕೋ." ಊರುಗೋಲು ಎತ್ತಿ ಮೊಳೆಯ ಕಡೆ ತೋರಿಸಿದರು. "ನನಗೆ ಕೈ ಎಟುಕಲ್ಲ."

ಇದೇನಾ ಆ ಗಳಿಗೆ? ನೋಡಲು ಹನ್ನೆರಡು ಜನರಿಲ್ಲ, ಅಡುಗೆಮನೆಯ ಬಾಗಿಲಲ್ಲಿ ಸೊಸೆಯೊಬ್ಬಳು. ಅವರ ಕೈಯಿಂದ ಬರಬೇಕು ಎಂದುಕೊಂಡದ್ದನ್ನು ತಾನೇ ಸ್ಟೂಲು ಹತ್ತಿ ಇಳಿಸಿಕೊಳ್ಳಬೇಕು. ಅವಳು ಹತ್ತಿದಳು. ಇಷ್ಟು ವರ್ಷ ಮೊಳೆಯ ಮೇಲಿದ್ದ ಅಲಗು ತುಕ್ಕು ಹಿಡಿದು ಮಣ್ಣಾಗಿರುತ್ತದೆ, ಮೊದಲು ಸಾಣೆ ಹಿಡಿಯಬೇಕು, ಅಷ್ಟು ಹೊತ್ತು ಇವರು ತಡೆಯುತ್ತಾರೋ ಇಲ್ಲವೋ ಎಂದು ಲೆಕ್ಕ ಹಾಕುತ್ತಾ ಹತ್ತರಿಯನ್ನು ತಿರುಗಿಸಿ ನೋಡಿದಳು.

ಅಲಗು ಹೊಳೆಯುತ್ತಿತ್ತು. ಬೆರಳಿಗೆ ಎಣ್ಣೆ ಅಂಟಿತು. ಹೆಬ್ಬೆರಳ ಉಗುರಿನ ಮೇಲೆ ಇಟ್ಟು ನೋಡಿದರೆ ಉಗುರು ಹೆರೆಯುವಷ್ಟು ಹರಿತ.

"ತಿಂಗಳಿಗೊಂದು ಸಲ ಇಳಿಸಿಕೊಡು ಅಂತಾರೆ" ಎಂದಳು ಸೊಸೆ. "ನಾನು ಈ ಮನೆಗೆ ಬಂದಾಗಿಂದ ನೋಡ್ತಿದ್ದೀನಿ. ಸಾಣೆ ಹಿಡೀತಾರೆ, ಎಣ್ಣೆ ಹಚ್ತಾರೆ, ಮತ್ತೆ ನೇತುಹಾಕಿಸ್ತಾರೆ. ಯಾತಕ್ಕೆ ಮಾವ ಅಂದ್ರೆ, ಅದರ ಯಜಮಾನರು ಬಂದು ಕೇಳ್ತಾರೆ ಅಂತಾರೆ."

ಸಂದಿ ಸ್ಟೂಲಿನ ಮೇಲೆ ಹಾಗೇ ನಿಂತಳು. ಕೆಳಗಿನಿಂದ ಮೇಸ್ತ್ರಿ ಅಂದರು: "ನೀನು ಕೇಳಲಿಲ್ಲ, ನಾನೂ ಕೊಡಲಿಲ್ಲ. ಮಳೆಗಾಲದ ವಿಷಯ ಹೇಳದೆ ನಿನ್ನನ್ನ ಕಳಿಸಿದವನು ನಾನು. ಡಾಕ್ಟರ ಎದುರು ಅಷ್ಟು ಹೇಳೋಕೆ ಬಾಯಿ ಬರಲಿಲ್ಲ. ಆಮೇಲೆ ಹೇಳೋಕೆ ಇನ್ನೂ ಕಷ್ಟ ಆಯ್ತು." ಊರುಗೋಲನ್ನು ನೆಲಕ್ಕೆ ಕುಟ್ಟಿ, "ಈಗ ಇಳೀತೀಯಾ? ನನ್ನ ಕಷ್ಟ ನನಗೆ" ಎಂದರು.

ಅಳುವುದಕ್ಕೂ ಪುರುಸೊತ್ತು ಕೊಡಲಿಲ್ಲ ಪುಣ್ಯಾತ್ಮ. ಅವಳು ಇಳಿದು, ಬಾಗಿಲನ್ನು ಬಿಜಾಗರಿಯಿಂದ ಬಿಡಿಸಿ, ಗೋಡೆಗೆ ಒರಗಿಸಿ ಹೆರೆಯತೊಡಗಿದಳು. ಇಪ್ಪತ್ತಾರು ವರ್ಷ ಮಾಡಬಾರದು ಎಂದು ಕಲಿತದ್ದನ್ನೇ, ಗೊತ್ತಿದ್ದೂ ಗೊತ್ತಿದ್ದೂ. ಮರದ ಸುರುಳಿಗಳು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಬಿದ್ದವು. ಸಿಟ್ಟು ಬರುತ್ತಿತ್ತು, ಯಾರ ಮೇಲೆ ಅನ್ನುವುದು ತಿಳಿಯುತ್ತಿರಲಿಲ್ಲ. ಮೊದಲೇ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು ಇವರಿಗೆ? ಹೇಳಿದ್ದರೆ ತಾನು ಏನಾಗಿರುತ್ತಿದ್ದೆ? ಬಹುಶಃ ಇಷ್ಟು ಹೊತ್ತಿಗೆ ಎಲ್ಲೋ ಆರಾಮಾಗಿ ಕೂತಿರುತ್ತಿದ್ದೆ, ಬಾಗಿಲ ಬಗ್ಗೆ ಏನೂ ಗೊತ್ತಿಲ್ಲದವಳಾಗಿ. ಹದಿನೈದು ನಿಮಿಷದಲ್ಲಿ ಬಾಗಿಲು ಮತ್ತೆ ಚೌಕಟ್ಟಿಗೆ ಏರಿತು. ಮೇಸ್ತ್ರಿ ಒಳಗೆ ಹೋದರು. ಒಂದೇ ಕೈಯಿಂದ, ಯಾರ ಸಹಾಯವೂ ಇಲ್ಲದೆ, ಬಾಗಿಲು ಮುಚ್ಚಿಕೊಂಡರು. ಒಳಗಿನಿಂದ ಅಗುಳಿ ಹಾಕಿದ ಸದ್ದು ಕೇಳಿತು. ರೇಡಿಯೋ ಹಾಕಲು ಎದ್ದ ಸೊಸೆ ಅರ್ಧದಲ್ಲೇ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಹತ್ತರಿ ಸಂದಿಯ ಚೀಲದಲ್ಲಿ ಮನೆಗೆ ಬಂತು. ಅವಳಿಗೆ ನೆಮ್ಮದಿ ಬಂತೇ? ಎಲ್ಲಿಯ ನೆಮ್ಮದಿ! ಏನೋ ಕಳೆದುಕೊಂಡವಳ ಹಾಗೆ ನಾಲ್ಕು ದಿನ ತಿರುಗಿದಳು. ಅಂಗಡಿಯ ಕಪ್ಪು ಹಲಗೆಯ ಮುಂದೆ ನಿಂತರೆ ಏನೂ ಓದಿಸಿಕೊಳ್ಳದು. ರಾತ್ರಿ ಊಟಕ್ಕೆ ಬಡಿಸಿ ಗಂಡನಿಗೆ, "ಏನಾದ್ರೂ ಬೈಯ್ರೀ" ಎಂದಳು.

"ಯಾಕೆ? ಸಾರು ಚೆನ್ನಾಗಿದೆಯಲ್ಲ."

"ಅದೇ ಬೇಡ. ಬೈಯ್ರಿ."

ಕಂಡಕ್ಟರು ಯೋಚಿಸಿದ. "ಇಪ್ಪತ್ತೆರಡು ವರ್ಷದಿಂದ ನಮ್ಮ ಕೋಣೆ ಬಾಗಿಲು ಮುಚ್ಚಲ್ಲ" ಎಂದ. "ಊರಿಗೆಲ್ಲ ಬಾಗಿಲು ಹಾಕೋಳು ಸ್ವಂತ ಗಂಡನಿಗೆ ಟವೆಲು ಕೊಟ್ಟಿದ್ದೀಯ. ಸಾಕಾ, ಇನ್ನೂ ಬೇಕಾ?"

ಅವಳು ತಟ್ಟೆ ಮುಂದಿದ್ದ ಹಾಗೇ ಎದ್ದು ಹೋಗಿ ಆ ಬಾಗಿಲ ಮುಂದೆ ನಿಂತಳು.

ಬೇಸಿಗೆ ಬಂತು. ಅವಳು ಹೇಳಿದ ತಿಂಗಳಲ್ಲೇ, ಹೇಳಿದಷ್ಟೇ, ಮೇಸ್ತ್ರಿಯ ಬಚ್ಚಲ ಬಾಗಿಲಿಗೆ ನಾಲ್ಕು ನೂಲು ಸಂದಿ ಬಿತ್ತು. ಅದಕ್ಕೆ ಕೂರಿಸುವ ಪಟ್ಟಿಗೆ ಅದೇ ಜಾತಿಯ, ಅದೇ ಕಾಲದ ಮರ ಬೇಕಿತ್ತು. ಪೇಟೆಯಲ್ಲಿ ಸಿಗುವಂಥದ್ದಲ್ಲ. ಆ ಕಾಲದಲ್ಲಿ ಅದೇ ಕಾರ್ಖಾನೆಯಲ್ಲಿ ಅದೇ ಮರದಿಂದ ಆದ ಇನ್ನೊಂದು ಬಾಗಿಲು ಊರಿನಲ್ಲಿ ಒಂದೇ ಕಡೆ ಇತ್ತು. ಒಂದು ಭಾನುವಾರ ಬೆಳಿಗ್ಗೆ ಅವಳು ಟವೆಲನ್ನು ಮಡಚಿ ಗಂಡನ ಕೈಗೆ ಕೊಟ್ಟು, ಕೋಣೆಯ ಬಾಗಿಲನ್ನು ಬಿಜಾಗರಿಯಿಂದ ಇಳಿಸಿದಳು. ಹಿಂಬದಿಯ ಅಂಕಿಗಳ ಮೇಲೆ ಒಮ್ಮೆ ಅಂಗೈ ಆಡಿಸಿದಳು. ಆಮೇಲೆ ಗರಗಸ ಇಟ್ಟಳು. ಮೊದಲ ಎಳೆತಕ್ಕೆ ಎದೆ ಧಸಕ್ಕೆಂದಿತು, ಎರಡನೆಯದಕ್ಕೆ ಇಲ್ಲ.

"ಹಾಗಾದ್ರೆ ನಮ್ಮ ಕೋಣೆಗೆ?" ಎಂದ ಕಂಡಕ್ಟರು, ಟವೆಲು ಹಿಡಿದುಕೊಂಡು.

"ಹೊಸದು ಮಾಡ್ತೀನಿ."

"ಮುಚ್ಚುತ್ತಾ?"

ಪಟ್ಟಿ ಕೂರಿಸಿ, ಅಂಟು ಒಣಗಿಸಿ, ಉಪ್ಪುಕಾಗದ ತಿಕ್ಕಿ, ಎಣ್ಣೆ ಹಚ್ಚಿದ ಮೇಲೆ ಮೇಸ್ತ್ರಿಯನ್ನು ಕರೆದಳು. ಅವರ ಕಣ್ಣು ಆಗಲೇ ಮಂಜಾಗಿತ್ತು, ಬೆರಳುಗಳಿಗೆ ಏನೂ ಆಗಿರಲಿಲ್ಲ. ಕುರ್ಚಿಯನ್ನು ಬಾಗಿಲ ಹತ್ತಿರ ಎಳೆಸಿಕೊಂಡು, ಚಿಲಕದ ಕಡೆಯ ಅಂಚಿನ ಮೇಲೆ ಹೆಬ್ಬೆರಳ ಉಗುರು ಎಳೆದರು. ಕೂಡಿಸಿದ ಜಾಗವನ್ನು ಉಗುರು ದಾಟಿತು, ಎಲ್ಲೂ ತಡೆಯಲಿಲ್ಲ. ಮತ್ತೆ ಎಳೆದರು. ಮತ್ತೆ ದಾಟಿತು. ಮೂರನೇ ಸಲ ಕಣ್ಣು ಮುಚ್ಚಿ, ಮೇಲಿನಿಂದ ಕೆಳಗಿನ ತನಕ, ಇರುವೆ ನಡೆದಷ್ಟು ನಿಧಾನವಾಗಿ ಎಳೆದರು.

ಮೇಸ್ತ್ರಿ ಬಾಗಿಲ ಮೇಲೆ ಅಂಗೈ ಇಟ್ಟುಕೊಂಡು ಕೂತರು. ಆಮೇಲೆ ಅವಳ ಮುಖದ ಕಡೆ ನೋಡಿ, ಅಲ್ಲಿ ಏನು ಕಂಡರೋ, ಕೈಯನ್ನು ಮೆಲ್ಲಗೆ ಬಾಗಿಲ ಇನ್ನೊಂದು ಕಡೆಗೆ, ಬಿಜಾಗರಿಯ ಅಂಚಿಗೆ ಒಯ್ದರು. ಅವಳು ಹತ್ತರಿಯನ್ನೂ ಮುಟ್ಟಿಸದ, ಮೂವತ್ತೈದು ವರ್ಷದ ಹಿಂದೆ ಅವರೇ ಹೆರೆದು ಕೂರಿಸಿದ ಅಂಚು ಅದು. ಅಲ್ಲಿ ಉಗುರಿನಿಂದ ಕುಟ್ಟಿದರು.

"ಇಲ್ಲೊಂದು ಕೂದಲೆಳೆಯಷ್ಟು ಏಳುತ್ತೆ" ಎಂದರು, ಹಳೆಯ ಕಾರ್ಖಾನೆಯ ಗಡಸು ದನಿಯಲ್ಲಿ. "ಇದೇನು ಕೆಲಸ? ನಾಳೆ ಬಂದು ಸರಿ ಮಾಡು."

ಸಂದಿಯ ಕಣ್ಣು ತುಂಬಿ ಬಾಗಿಲೇ ಕಾಣದಾಯಿತು. "ಹೂಂ ಮೇಸ್ತ್ರಿ" ಎಂದಳು. "ತಪ್ಪಾಯ್ತು. ನಾಳೆ ಬರ್ತೀನಿ."